ಲೇಸರ್ ವೆಲ್ಡಿಂಗ್ ಕೆಡುತ್ತಿರುವುದನ್ನು ಸೆನ್ಸರ್ ಮತ್ತು ಮಷೀನ್ ಲರ್ನಿಂಗ್‌ನಿಂದ ಆಗಲೇ ಪತ್ತೆ ಮಾಡಬಹುದೇ?

ಕುಶಾಲನಗರದ ವರ್ಕ್‌ಶಾಪ್‌ನಲ್ಲಿ 1.5 ಕಿಲೋವ್ಯಾಟ್ ಹ್ಯಾಂಡ್‌ಹೆಲ್ಡ್ ಫೈಬರ್ ಲೇಸರ್ ಇಟ್ಟುಕೊಂಡು ಕಾಫಿ ಪಲ್ಪರ್ ತೊಟ್ಟಿಗಳಿಗೆ 2 ಮಿ.ಮೀ. 304 ಸ್ಟೇನ್‌ಲೆಸ್ ಶೀಟ್ ಬೆಸೆಯುತ್ತೀರಿ, ಮಳೆಗಾಲದಲ್ಲೇ ಸೋರಿಕೆ ಜಾಸ್ತಿ ಎಂದು ಹೇಳಿದ್ದೀರಿ. ಪತ್ತೆ ಮಾಡಬಹುದು, ಆದರೆ ಟಾರ್ಚ್ (ಲೇಸರ್ ಹೊರಬರುವ ಹಿಡಿಕೆ) ಕೈಯಲ್ಲಿರುವವರೆಗೆ ಆ ಖರ್ಚಿಗೆ ಇಳಿಯಬೇಡಿ. ಕೈಯ ವೇಗ, ಕೋನ ಸ್ವಲ್ಪ ಬದಲಾದರೂ ಸೆನ್ಸರ್ ಓದುವ ಬೆಸುಗೆಯ ಬೆಳಕು ಬದಲಾಗುತ್ತದೆ. ಮಾಡೆಲ್ ಬೆಸುಗೆಯನ್ನು ಬಿಟ್ಟು ವೆಲ್ಡರ್‌ನ ಕೈಯನ್ನು ಕಲಿಯುತ್ತದೆ. ಮೊದಲು ಟಾರ್ಚನ್ನು ಮೋಟರ್ ಇರುವ ಲೀನಿಯರ್ ರೈಲ್‌ಗೆ ಕಟ್ಟಿ.

ಶುರುವಿಗೆ ಎರಡು ಫೋಟೋಡಯೋಡ್ (ಬೆಳಕನ್ನು ಕರೆಂಟ್ ಆಗಿ ಬದಲಿಸುವ ಸೆನ್ಸರ್) ಸಾಕು. ಒಂದು ಸಿಲಿಕಾನ್, ಮುಂದೆ 400–700 ನ್ಯಾನೊಮೀಟರ್ ಮಾತ್ರ ಬಿಡುವ ಫಿಲ್ಟರ್. ಇದು ಲೋಹದ ಆವಿಯ ಬೆಳಕು ನೋಡುತ್ತದೆ. ಇನ್ನೊಂದು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್, 1200 ನ್ಯಾನೊಮೀಟರ್‌ಗಿಂತ ಮೇಲಿನದು. ಇದು ಕರಗಿದ ಲೋಹದ ಶಾಖಕ್ಕೆ. ಲೇಸರ್‌ನ 1070–1080ರ ಕಿರಣ ಒಳಗೆ ನುಗ್ಗಿದರೆ ಸಿಗ್ನಲ್ ಮೇಲ್ಮಿತಿ ಮುಟ್ಟಿ ನಿಂತುಬಿಡುತ್ತದೆ, ಫಿಲ್ಟರ್‌ನಲ್ಲಿ ಕಂಜೂಸಿ ಬೇಡ. 50 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಸಾವಿರ ಸಲ ಓದಿ. ಅಗ್ಗದ ಇಎಸ್‌ಪಿ32 ಮೈಕ್ರೊಕಂಟ್ರೋಲರ್‌ನೊಳಗಿನ ಎಡಿಸಿ (ಸಿಗ್ನಲ್ಲನ್ನು ಅಂಕಿಯಾಗಿಸುವ ಭಾಗ) ಇದಕ್ಕೆ ಆಗದು. ಬೇರೆ ಎಡಿಸಿ ಹಾಕಿ. ಸೆಕೆಂಡಿಗೆ 20 ಮಿ.ಮೀ. ವೇಗದಲ್ಲಿ 50 ಮಿಲಿಸೆಕೆಂಡಿನ ತುಂಡು ಎಂದರೆ 1 ಮಿ.ಮೀ. ಬೆಸುಗೆ, 2500 ಅಂಕಿ. ಪ್ರತಿ ತುಂಡಿಗೆ ಸರಾಸರಿ, ಏರಿಳಿತ, ಕೆಲವು ಫ್ರೀಕ್ವೆನ್ಸಿ ಪಟ್ಟಿಗಳ ಶಕ್ತಿ ತೆಗೆದು ರ್‍ಯಾಂಡಮ್ ಫಾರೆಸ್ಟ್‌ಗೆ (ಹಲವು ನಿರ್ಧಾರ-ಮರಗಳ ಮತ ಸೇರಿಸುವ ಸರಳ ಮಾಡೆಲ್) ಕೊಡಿ. ಡೀಪ್ ಲರ್ನಿಂಗ್ ಈಗಲೇ ಬೇಡ. ಟಾರ್ಚ್‌ನ ವಾಬಲ್ (ಕಿರಣವನ್ನು ಅತ್ತಿತ್ತ ಆಡಿಸುವ) ಫ್ರೀಕ್ವೆನ್ಸಿ ಸಿಗ್ನಲ್‌ನಲ್ಲಿ ಎದ್ದು ಕಾಣುತ್ತದೆ, ಅದನ್ನು ದೋಷ ಎಂದುಕೊಳ್ಳಬೇಡಿ.

ನಿಜವಾದ ದುಡಿಮೆ ಇರುವುದು ಡೇಟಾದಲ್ಲಿ. ಬೇಕೆಂದೇ ಕೆಟ್ಟ ಬೆಸುಗೆ ಹಾಕಬೇಕು: ಶೀಟ್‌ಗಳ ನಡುವೆ 0.2, 0.4 ಮಿ.ಮೀ. ಸಂದು, ಪವರ್ 20% ಇಳಿಕೆ, ಫೋಕಸ್ 2 ಮಿ.ಮೀ. ಮೇಲೆ-ಕೆಳಗೆ, ಆರ್ಗಾನ್ ಬಂದ್, ಎಣ್ಣೆ ಮೆತ್ತಿದ ಅಂಚು, ಲೆನ್ಸ್ ಮುಂದಿನ ಮಸುಕಾದ ರಕ್ಷಣಾ ಗಾಜು. ಪ್ರತಿಯೊಂದನ್ನೂ ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಆಳ ಅಳೆದು ಲೇಬಲ್ ಕೊಡಿ. ಬೆಸುಗೆಯ ಗಡಿ ಕಾಣಲು ಕತ್ತರಿಸಿದ ಮೇಲ್ಮೈಯನ್ನು ಆಸಿಡ್‌ನಿಂದ ಕೊರೆಯಬೇಕು, ಇದೇ ಎಚ್ಚಿಂಗ್. 304ಕ್ಕೆ ನೈಟಲ್ (ನೈಟ್ರಿಕ್ ಆಸಿಡ್-ಆಲ್ಕೊಹಾಲ್ ದ್ರಾವಣ) ಹಿಡಿಯದು. 10% ಆಕ್ಸಾಲಿಕ್ ಆಸಿಡ್‌ನಲ್ಲಿ ಕರೆಂಟ್ ಹರಿಸಿ ಎಚ್ಚಿಂಗ್ ಮಾಡಬೇಕು. ಕಲಿಕೆಗೂ ಪರೀಕ್ಷೆಗೂ ಡೇಟಾ ಹಂಚುವಾಗ ಇಡೀ ಬೆಸುಗೆಯನ್ನೇ ಒಂದು ಕಡೆಗೆ ಹಾಕಿ. ಒಂದೇ ಬೆಸುಗೆಯ ತುಂಡುಗಳು ಎರಡೂ ಕಡೆ ಸೇರಿದರೆ 99% ಸರಿ ಎಂದು ತೋರಿಸುತ್ತದೆ, ಮರುದಿನ ಶಾಪ್‌ನಲ್ಲಿ ಕೈಕೊಡುತ್ತದೆ.

ಇನ್ನು ಮಳೆ. 23 ಡಿಗ್ರಿ, 95% ತೇವ ಇರುವ ಗಾಳಿಯ ಇಬ್ಬನಿ ಬಿಂದು (ತೇವ ನೀರಾಗಿ ಕೂರಲು ಶುರುವಾಗುವ ತಾಪ) ಸುಮಾರು 22 ಡಿಗ್ರಿ. ಲೇಸರ್ ತಂಪು ಮಾಡುವ ನಿಮ್ಮ ಚಿಲ್ಲರ್ ನೀರು 20ಕ್ಕೆ ಸೆಟ್ ಆಗಿದ್ದರೆ ಟಾರ್ಚ್ ಒಳಗಿನ ಗಾಜು, ಲೆನ್ಸ್ ಬೆವರಬಹುದು. ಪವರ್ ಸೆಟ್ಟಿಂಗ್ ಅದೇ ಇದ್ದರೂ ಶೀಟ್‌ಗೆ ತಲುಪುವುದು ಕಡಿಮೆ, ಲೆನ್ಸ್ ಸುಟ್ಟರೂ ಆಶ್ಚರ್ಯವಿಲ್ಲ. ತಯಾರಕರ ಮಿತಿಯೊಳಗೆ ನೀರನ್ನು ಇಬ್ಬನಿ ಬಿಂದುವಿಗಿಂತ ಮೇಲಿಡಿ. ನನ್ನ ಅನುಮಾನ, ನಿಮ್ಮ ಅರ್ಧ ಸೋರಿಕೆ ಇಷ್ಟಕ್ಕೇ ನಿಲ್ಲಬಹುದು, ಸೆನ್ಸರ್ ಇಲ್ಲದೆಯೇ. ತೇವ, ನೀರಿನ ತಾಪವನ್ನೂ ದಾಖಲಿಸಿ. ಆದರೆ ಕೆಟ್ಟ ಮಾದರಿಗಳೆಲ್ಲ ಜುಲೈನವೇ ಆದರೆ ಮಾಡೆಲ್ ಮಳೆಯನ್ನೇ ದೋಷ ಎಂದು ಕಲಿಯುತ್ತದೆ. ದಿನಾ ಬೆಳಿಗ್ಗೆ ಒಂದೇ ದಪ್ಪದ ಚೂರಿನ ಮೇಲೆ ಒಂದು ಬೆಸುಗೆ ಹಾಕಿ, ಸಿಗ್ನಲ್ ನಿಧಾನವಾಗಿ ಇಳಿಯುತ್ತಿದೆಯೇ ನೋಡಿ. ಇಳಿದರೆ ಗಾಜು ಬದಲಿಸಿ.

ಒಳಗೆ ಹುದುಗಿದ ಸಣ್ಣ ರಂಧ್ರ ಫೋಟೋಡಯೋಡ್‌ಗೆ ನಂಬುವಂತೆ ಸಿಗುವುದಿಲ್ಲ. ಸೋರಿಕೆ ಹುಡುಕಲು ತೊಟ್ಟಿಗೆ ಡೈ ಪೆನೆಟ್ರೆಂಟ್ (ಬಣ್ಣದ ದ್ರವ ಹಚ್ಚಿ ಮೇಲ್ಮೈಗೆ ತೆರೆದ ಬಿರುಕು, ರಂಧ್ರ ಕಾಣಿಸುವುದು) ಅಥವಾ ನೀರು ತುಂಬಿಸುವ ಪರೀಕ್ಷೆ ಬಿಡಬೇಡಿ. ಸೆನ್ಸರ್ ಜೋಡಿಸಿ ಹೊಂದಿಸುವಾಗ 1070–1080 ನ್ಯಾನೊಮೀಟರ್‌ಗೆಂದೇ ಗುರುತಿರುವ ಕನ್ನಡಕವೇ ಬೇಕು. ಆರ್ಕ್ ವೆಲ್ಡಿಂಗ್‌ನ ಕಪ್ಪು ಗಾಜು ಸಾಲದು.