ಡಿಜೆ ಅವೀಚಿ ಯಾರು? ಆ ಹೆಸರಿಗೂ ಅವೀಚಿ ನರಕಕ್ಕೂ ನಂಟಿದೆಯಾ?

ಇದೆ. ಬೌದ್ಧರ ಪ್ರಕಾರ ನರಕಗಳಲ್ಲೇ ತೀರಾ ಕೆಳಗಿನದು ಅವೀಚಿ. ಸ್ಟಾಕ್‌ಹೋಮ್‌ನ ಟಿಮ್ ಬರ್ಗ್‌ಲಿಂಗ್ ಆ ಪದವನ್ನೇ ಹೆಸರು ಮಾಡಿಕೊಂಡ. ಮೈಸ್ಪೇಸ್ ಅನ್ನೋ ಜಾಲತಾಣದಲ್ಲಿ ಅದನ್ನು ಬೇರೆ ಯಾರೋ ತಗೊಂಡಿದ್ದರು, ಹಾಗಾಗಿ ಕೊನೆಗೆ ಇನ್ನೊಂದು 'ಐ' ಸೇರಿಸಿದ.

ಹುಟ್ಟಿದ್ದು 1989ರಲ್ಲಿ. ಜಗತ್ತಿಗೆ ಪರಿಚಯವಾಗಿದ್ದು 2011ರ 'ಲೆವೆಲ್ಸ್' ಹಾಡಿನಿಂದ. ಅದರಲ್ಲಿನ ಹೆಣ್ಣುದನಿ ಅಮೆರಿಕದ ಗಾಯಕಿ ಎಟಾ ಜೇಮ್ಸ್ ಅವರ 1962ರ ಹಾಡಿನದು. ಎಫ್‌ಎಲ್ ಸ್ಟುಡಿಯೊ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮೌಸ್ ಹಿಡಿದು ಸ್ವರ ಜೋಡಿಸುತ್ತಿದ್ದ. ಬಸವನಗುಡಿಯ ನಮ್ಮ ಮನೆಯಲ್ಲಿ ನನ್ನ ತಮ್ಮನೂ ರಾತ್ರಿಯೆಲ್ಲ ಅದನ್ನೇ ಮಾಡುತ್ತಾನೆ. ಪರದೆ ಮೇಲೆ ಸಣ್ಣ ಸಣ್ಣ ಹಸಿರು ಪಟ್ಟಿಗಳು. ಒಂದನ್ನು ಚೂರು ಮೇಲೆ ಎಳೆದರೆ ಸಾಕು, ಹಾಡಿನ ಬಣ್ಣವೇ ಬದಲು!

ನನಗೆ ಜಾಸ್ತಿ ಇಷ್ಟ 'ವೇಕ್ ಮೀ ಅಪ್'. 2013ರಲ್ಲಿ ಮಯಾಮಿಯ ಅಲ್ಟ್ರಾ ಉತ್ಸವಕ್ಕೆ ಗಿಟಾರ್ ನುಡಿಸುವವರನ್ನು, ಗಾಯಕರನ್ನು ಕರೆತಂದಾಗ ಎಲೆಕ್ಟ್ರಾನಿಕ್ ಸಂಗೀತಕ್ಕೆ ಕುಣಿಯಲು ಬಂದವರು ಕಕ್ಕಾಬಿಕ್ಕಿಯಾದರು. ಕೆಲವೇ ತಿಂಗಳಲ್ಲಿ ಅದೇ ಹಾಡು ಎಲ್ಲೆಲ್ಲೂ.

ಬಿಡುವಿಲ್ಲದ ಓಡಾಟ, ಕುಡಿತ, ಕಾಯಿಲೆ. 2016ರಲ್ಲಿ ವೇದಿಕೆ ಬಿಟ್ಟ. 2018ರ ಏಪ್ರಿಲ್ 20ರಂದು ಮಸ್ಕತ್‌ನಲ್ಲಿ ತೀರಿಕೊಂಡ, ಬರೀ 28 ವರ್ಷಕ್ಕೆ. ಅರ್ಧಕ್ಕೆ ನಿಂತಿದ್ದ ಹಾಡುಗಳನ್ನು ಜೊತೆಗಾರರು ಮುಗಿಸಿ 2019ರಲ್ಲಿ 'ಟಿಮ್' ಅನ್ನೋ ಹೆಸರಲ್ಲಿ ಹೊರತಂದರು.