ಮೊದಲು ನೀರಿನ ದಾರಿ, ಆಮೇಲೆ ನಡೆಯುವ ದಾರಿ

ಪ್ರಶ್ನೆ: ನಮ್ಮೂರ ಕೆರೆ ಹನ್ನೆರಡು ಎಕರೆ ಇದೆ. ಪುರಸಭೆಯವರು ಅದನ್ನು ಅಭಿವೃದ್ಧಿ ಮಾಡಲು ಹೊರಟಿದ್ದಾರೆ. ನಕ್ಷೆಯಲ್ಲಿ ಸುತ್ತಲೂ ಏರಿ, ದಡಕ್ಕೆ ಕಲ್ಲು ಹೊದಿಸುವ ಪಿಚಿಂಗ್, ಪೇವರ್ ಹಾಕಿದ ವಾಕಿಂಗ್ ಪಾತ್, ಒಂದು ಎಕರೆ ಹುಲ್ಲುಹಾಸು, ಕಾರಂಜಿ ಎಲ್ಲ ಇದೆ. ಊರಿನ ಪರವಾಗಿ ಸಭೆಗೆ ಹೋಗುತ್ತಿದ್ದೇನೆ. ಏನು ಕೇಳಬೇಕು?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ನೀವು ಸಭೆಗೆ ಹೋಗುತ್ತಿರುವುದೇ ದೊಡ್ಡ ವಿಷಯ. ಟೆಂಡರ್ ಆದ ಮೇಲೆ ನಕ್ಷೆ ಬದಲಾಯಿಸುವುದು ಬಹಳ ಕಷ್ಟ.

ಮೊದಲು 'ಸುತ್ತಲೂ ಏರಿ' ಎಂಬ ಮಾತನ್ನೇ ಹಿಡಿದು ಕೇಳಿ. ನಮ್ಮ ಬಯಲುಸೀಮೆಯ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಮೇಲಿನ ಕಡೆ ನೆಲ ನಿಧಾನವಾಗಿ ಇಳಿದು ಬರುತ್ತದೆ. ಮಳೆನೀರು ಕಾಲುವೆಯಲ್ಲಷ್ಟೇ ಅಲ್ಲ, ಆ ಇಳಿಜಾರಿನ ಮೇಲೆ ಹಾಸಿಕೊಂಡೂ ಬರುತ್ತದೆ. ವಾಕಿಂಗ್ ಪಾತ್‌ಗಾಗಿ ನಾಲ್ಕೂ ಕಡೆ ಮಣ್ಣು ಏರಿಸಿದರೆ ಆ ನೀರಿಗೆ ಅಡ್ಡಗೋಡೆ ಕಟ್ಟಿದ ಹಾಗೆ. ಕೆರೆ ಬಟ್ಟಲಿನಂತಾಗುತ್ತದೆ, ಪಕ್ಕದ ಬಡಾವಣೆಯಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಕೆರೆ ಯಾಕೆ ತುಂಬುತ್ತಿಲ್ಲ ಅಂತ ಎಲ್ಲರೂ ಕೇಳುತ್ತಾರೆ.

ಪಿಚಿಂಗ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಏರಿಯ ಒಳಮೈಗೆ ಅಲೆ ಬಡಿಯುತ್ತದೆ, ಅಲ್ಲಿ ಕಲ್ಲು ಬೇಕು. ಉಳಿದ ಕಡೆ ದಡ ಇಳಿಜಾರಾಗಿಯೇ ಇರಲಿ. ಐದು ಅಡಿ ನಡೆದರೆ ಒಂದು ಅಡಿ ಆಳ ಸಿಗುವಷ್ಟು, ಅದಕ್ಕಿಂತ ಕಡಿದು ಬೇಡ. ಕೊಕ್ಕರೆಗಳು ಮೇಯುವುದು ಮೊಣಕಾಲುದ್ದದ ನೀರಲ್ಲಿ. ಎಷ್ಟೋ ಬಗೆಯ ಮೀನಿನ ಮರಿಗಳು ಬೆಳೆಯುವುದೂ ಅಲ್ಲೇ. ಇನ್ನೂ ಮುಖ್ಯವಾದ ಮಾತು: ಇಳಿಜಾರು ದಡದಲ್ಲಿ ಜಾರಿದ ಮಗು ಎದ್ದು ಬರಬಹುದು. ನೆಟ್ಟಗಿನ ಗೋಡೆ ಇದ್ದರೆ ಹಿಡಿಯಲು ಏನೂ ಸಿಗುವುದಿಲ್ಲ.

ಎರಡನೆಯದು ಕೊಳಚೆ. ಕಾಲುವೆಗೆ ಎಷ್ಟು ಮನೆಗಳ ಚರಂಡಿ ಸೇರಿದೆ? ಅದನ್ನು ತಿರುಗಿಸುವ ಕೆಲಸ ಅಂದಾಜುಪಟ್ಟಿಯಲ್ಲಿ ಇದೆಯಾ? ಅದಿಲ್ಲದೆ ಕಾರಂಜಿ ಇಟ್ಟರೆ ಚರಂಡಿ ನೀರನ್ನೇ ಗಾಳಿಗೆ ಹಾರಿಸಿದಂತೆ. ಬೆಂಗಳೂರಿನ ಜಕ್ಕೂರು ಕೆರೆಯನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ಶುದ್ಧೀಕರಣ ಘಟಕದಿಂದ ಬರುವ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ, ಜೊಂಡು ಬೆಳೆದ ಜೌಗಿನಲ್ಲಿ ಹಾದು ಬರುತ್ತದೆ. ಘಟಕ ಕಟ್ಟುವ ಶಕ್ತಿ ನಿಮ್ಮ ಪುರಸಭೆಗೆ ಇರಲಿಕ್ಕಿಲ್ಲ. ಆದರೆ ಚರಂಡಿ ತಿರುಗಿಸಿ, ಕಾಲುವೆ ಬಾಯಲ್ಲಿ ಒಂದು ಹೂಳುಗುಂಡಿ, ಅದರ ಮುಂದೆ ಜೊಂಡಿನ ಪಟ್ಟೆ ಮಾಡಲು ಆದೀತು. ಗುಂಡಿಯ ಹೂಳನ್ನು ಪ್ರತಿ ಬೇಸಿಗೆ ಯಾರು ತೆಗೆಸುತ್ತಾರೆ ಎಂಬುದನ್ನೂ ಬರಹದಲ್ಲೇ ಕೇಳಿ.

ಹುಲ್ಲುಹಾಸಿಗೆ ಬರೀ ಲೆಕ್ಕ ಸಾಕು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅಂದರೆ ದಿನಕ್ಕೆ 20,000 ಲೀಟರ್, 5,000 ಲೀಟರಿನ ನಾಲ್ಕು ಟ್ಯಾಂಕರ್. ಇದನ್ನು ಸಭೆಯಲ್ಲಿ ಓದಿ ಹೇಳಿ. ಆ ಜಾಗದಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ ನೆಟ್ಟರೆ ಮೂರು ಬೇಸಿಗೆ ನೀರು ಹಾಕಿ ನೋಡಿಕೊಂಡರೆ ಸಾಕಾಗುತ್ತದೆ, ನೆರಳೂ ಸಿಗುತ್ತದೆ. ಏರಿಯ ಮೇಲೆ ಮಾತ್ರ ದೊಡ್ಡ ಮರ ಬೇಡ. ಮರ ಸತ್ತ ಮೇಲೆ ಬೇರು ಕೊಳೆತು ಟೊಳ್ಳಾಗುತ್ತದೆ, ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಇನ್ನೊಂದು ಕೆಲಸ ನೀವೇ ಮಾಡಬೇಕು. ಈಗ ಕೆರೆಗೆ ಯಾರ್ಯಾರು ಬರುತ್ತಾರೆ ಅಂತ ಒಂದು ವಾರ ಕೂತು ಬರೆದುಕೊಳ್ಳಿ. ಬಟ್ಟೆ ಒಗೆಯುವವರು, ದನಕ್ಕೆ ನೀರು ಕುಡಿಸುವವರು, ಹುಲ್ಲು ಕೊಯ್ಯುವವರು, ಗಣಪತಿ ಬಿಡುವವರು. ನಕ್ಷೆಯಲ್ಲಿ ಇವರಿಗೆ ಜಾಗವೇ ಇರುವುದಿಲ್ಲ, ಬೇಲಿ ಮಾತ್ರ ಇರುತ್ತದೆ. ದನಕ್ಕೊಂದು ಇಳಿಯುವ ದಾರಿ, ಗಣಪತಿಗೆ ಬೇರೆಯೇ ಒಂದು ಸಣ್ಣ ಕಲ್ಯಾಣಿ ಇಡಬಹುದು. ತಲೆಮಾರುಗಳಿಂದ ಕೆರೆ ನೋಡಿಕೊಂಡವರನ್ನು ಹೊರಗೆ ಹಾಕಿ ಮಾಡಿದ ಉದ್ಯಾನ ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ನಮ್ಮ ರಸ್ತೆಯ ಫುಟ್‌ಪಾತ್ ಹೊಸದಾಗಿ ಮಾಡಿದರು. ಹಳೆಯ ಹೊಂಗೆ ಮರಗಳ ಬುಡಕ್ಕೇ ಟೈಲ್ಸ್, ಸಿಮೆಂಟ್ ಹಾಕಿದ್ದಾರೆ. ಮರಕ್ಕೆ ತೊಂದರೆಯಾ?
— ಓದುಗರು, ಮೈಸೂರು

ಉತ್ತರ: ಹೌದು, ಆದರೆ ಕೂಡಲೇ ಕಾಣುವುದಿಲ್ಲ. ನೀರು, ಗಾಳಿ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ. ಅದನ್ನು ಮುಚ್ಚಿದರೆ ಕೆಲವು ವರ್ಷಗಳಲ್ಲಿ ತುದಿಯ ಕೊಂಬೆಗಳು ಒಣಗಲು ಶುರುವಾಗುತ್ತವೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬಗ್ಗೆ ಆದೇಶ ಕೊಟ್ಟಾಗ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಹೇಳಿತು. ಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಅದನ್ನು ಬರೆಯಿರಿ, ಮರಗಳ ಫೋಟೊ ಸೇರಿಸಿ. ಸಿಮೆಂಟ್ ಒಡೆಯಲು ಜೆಸಿಬಿ ತರದಂತೆ ನೋಡಿಕೊಳ್ಳಿ. ಕೈಯಲ್ಲೇ ಉಳಿ, ಸುತ್ತಿಗೆಯಿಂದ ಬಿಡಿಸಲಿ. ಮೇಲೆ ಬಂದ ಬೇರನ್ನು ಯಾರೂ ಕಡಿಯಬಾರದು, ಬೇರು ಹೋದರೆ ಮಳೆಗಾಲದ ಗಾಳಿಗೆ ಮರ ನಿಲ್ಲುವುದಿಲ್ಲ. ಬಿಡಿಸಿದ ಜಾಗಕ್ಕೆ ತರಗೆಲೆ ಹಾಕಿದರೆ ಸಾಕು, ಮಣ್ಣು ಏರಿಸಬೇಡಿ.

ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದ ಮೇಲೆ, ಒಂದು ಮರ ಹೂ ಉದುರಿಸುವಾಗ ಇನ್ನೊಂದು ಅರಳುವ ಹಾಗೆ ರಸ್ತೆಗಳಿಗೆ ಮರ ಆರಿಸಿದರು. ಅಂಥ ಸಾಲುಮರಗಳನ್ನು ಕಂಡು ಬೆಳೆದವರು ನಾವು. ಅರ್ಜಿ ಕೊಡುವುದನ್ನು ಈ ವಾರವೇ ಮಾಡಿ.

ಪ್ರಶ್ನೆ: ಅಮ್ಮ ವೀಲ್‌ಚೇರ್‌ನಲ್ಲಿದ್ದಾರೆ. ಬೈಕ್ ಬರಬಾರದೆಂದು ಪಾರ್ಕಿಗೆ ತಿರುಗುವ ಗೇಟ್ ಹಾಕಿದ್ದಾರೆ, ಒಳಗೆ ಮೂರು ಮೆಟ್ಟಿಲು. ಏನು ಕೇಳಲಿ?
— ಓದುಗರು, ಧಾರವಾಡ

ಉತ್ತರ: ಅಮ್ಮನಿಗೆ ಪಾರ್ಕಿನೊಳಗೆ ಹೋಗುವ ಹಕ್ಕಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಹೇಳುತ್ತದೆ. ಗೇಟಿನ ಪಕ್ಕ ಕನಿಷ್ಠ 900 ಮಿಲಿಮೀಟರ್ ತೆರವು ಕೇಳಿ. ಅಷ್ಟು ಜಾಗದಲ್ಲಿ ಬೈಕೂ ನುಸುಳುತ್ತದೆ, ನಿಜ. ಅದಕ್ಕೆ ಕಾವಲುಗಾರ ಬೇಕು, ಅಮ್ಮನನ್ನು ಹೊರಗೆ ನಿಲ್ಲಿಸುವುದಲ್ಲ. ಮೂರು ಮೆಟ್ಟಿಲು 45 ಸೆಂಟಿಮೀಟರ್ ಎತ್ತರವಿದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ. ಎರಡು ಮೀಟರಿನ ರ‍್ಯಾಂಪ್ ಹಾಕಿ ಮುಗಿಸಿದರೆ ಒಪ್ಪಬೇಡಿ. ಅಷ್ಟು ಕಡಿದಾದ ರ‍್ಯಾಂಪಿನಲ್ಲಿ ಇಳಿಯುವಾಗ ಕುರ್ಚಿ ಹಿಡಿದವರಿಗೂ ಕೈ ತಪ್ಪಬಹುದು.