ದ್ವಾರಕೀಶ್ ಹಾಸ್ಯನಟರಾಗಿ ಚಿತ್ರರಂಗದಲ್ಲಿ ಅಷ್ಟು ವರ್ಷ ಉಳಿದದ್ದು ಹೇಗೆ?

ಬರೀ ಹಾಸ್ಯಪಾತ್ರಗಳನ್ನು ನಂಬಿ ಕೂರಲಿಲ್ಲ, ಅದಕ್ಕೇ. ಪಾತ್ರ ಹುಡುಕಿಕೊಂಡು ಬರಲಿ ಅಂತ ಕಾಯದೆ ತಾವೇ ಸಿನಿಮಾ ಮಾಡಿದರು.

ನಮ್ಮ ಹುಣಸೂರಿನವರು, ಹುಟ್ಟಿದ್ದು 1942ರಲ್ಲಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅಣ್ಣನ ಜೊತೆ ಗಾಡಿಗಳ ಬಿಡಿಭಾಗದ ಅಂಗಡಿ ನಡೆಸುತ್ತಿದ್ದರು. ಸೋದರಮಾವ ಹುಣಸೂರು ಕೃಷ್ಣಮೂರ್ತಿ ನಿರ್ದೇಶಕರು. ಅವರ ‘ವೀರ ಸಂಕಲ್ಪ’ದಲ್ಲಿ ಬಣ್ಣ ಹಚ್ಚಿದರು.

ಆಗ ದೊಡ್ಡ ಹಾಸ್ಯನಟರಾದ ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಇದ್ದ ಕಾಲ. ಅಂಥವರ ನಡುವೆ ಜಾಗ ಮಾಡಿಕೊಳ್ಳುವುದು ಸುಮ್ನೆ ಮಾತಲ್ಲ. 1969ರಲ್ಲಿ, ಇನ್ನೂ ಇಪ್ಪತ್ತೇಳು ತುಂಬುವ ವಯಸ್ಸಿಗೆ, ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿದರು. ಸಿದ್ದಲಿಂಗಯ್ಯ ನಿರ್ದೇಶಕರಾದದ್ದು ಆ ಚಿತ್ರದಿಂದಲೇ. ಎಂಥ ಧೈರ್ಯ ಅಲ್ವಾ?

ಆಮೇಲೆ ವಿಷ್ಣುವರ್ಧನ್ ಜೋಡಿ. ಎತ್ತರದ ವಿಷ್ಣು ಪಕ್ಕದಲ್ಲಿ ಈ ಕುಳ್ಳ ನಿಂತರೆ ಸಾಕು, ಮಾತಿಗೆ ಮುಂಚೆ ನಗು ಬರುತ್ತಿತ್ತು. ಇನ್ನೊಬ್ಬರು ಆಡಿಕೊಳ್ಳುವ ‘ಕುಳ್ಳ’ ಎಂಬ ಮಾತನ್ನೇ ಅವರು ಸಿನಿಮಾ ಹೆಸರಾಗಿಸಿದರು: ‘ಕಳ್ಳ ಕುಳ್ಳ’, ‘ಸಿಂಗಾಪುರದಲ್ಲಿ ರಾಜಾ ಕುಳ್ಳ’, ‘ಪ್ರಚಂಡ ಕುಳ್ಳ’. ನನಗೆ ಅವರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

1985ರಲ್ಲಿ ‘ನೀ ಬರೆದ ಕಾದಂಬರಿ’ಯಿಂದ ನಿರ್ದೇಶನಕ್ಕೂ ಇಳಿದರು. ನಂತರ ಸಾಲು ಸಾಲು ನಷ್ಟ. ಆದರೂ ಬಿಡಲಿಲ್ಲ. 2004ರ ‘ಆಪ್ತಮಿತ್ರ’ ಮತ್ತೆ ಅವರ ಕೈ ಹಿಡಿಯಿತು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಹೊಸದಾಗಿ ನೋಡುವವರು ‘ಗುರು ಶಿಷ್ಯರು’ ಚಿತ್ರದಿಂದ ಶುರು ಮಾಡಿ.